ಎರಡು ಜಪಾನಿ ಕಾರು, ಒಂದು ಮೊಣಕಾಲು

ಜಪಾನಿನ ಆ ಎರಡು ಕಾರುಗಳನ್ನು ಶಹಾಪುರದಲ್ಲಿ ಕಣ್ಣಾರೆ ಕಂಡವರು ಯಾರೂ ಇಲ್ಲ. ಆದ್ದರಿಂದಲೇ ನಾನೂ ನನ್ನ ಗೆಳೆಯನೂ ಅವುಗಳ ಬಗ್ಗೆ ಅಷ್ಟು ಖಚಿತವಾಗಿ ಮಾತಾಡುತ್ತಿದ್ದೆವು. ಅವನು ಟ್ರ್ಯಾಕ್ಟರ್ ಮೆಕ್ಯಾನಿಕ್; ನಾನು ಭೀಮರಾಯನಗುಡಿಯ ಕಚೇರಿಯೊಂದರಲ್ಲಿ ಗುಮಾಸ್ತ. ಎರಡೂ ರೋಟರಿ ಎಂಜಿನ್ನಿನ ಕಾರುಗಳು: ಒಳಗೆ ಪಿಸ್ಟನ್ ಮೇಲೆ ಕೆಳಗೆ ಕುಣಿಯುವುದಿಲ್ಲ, ಸಮೋಸಾ ಆಕಾರದ ತುಂಡು ಗರಗರ ತಿರುಗುತ್ತದೆ. ಹಳೆಯದಕ್ಕೆ ಎರಡೇ ಬಾಗಿಲು, ಗುಂಡಿ ಒತ್ತಿದರೆ ಮೇಲೇಳುವ ಹೆಡ್‌ಲೈಟು. ವಾದದಲ್ಲಿ ಅದು ನನ್ನದು. ಆಮೇಲೆ ಬಂದದ್ದಕ್ಕೆ ನಾಲ್ಕು ಬಾಗಿಲು. ಹಿಂದಿನವೆರಡು ಉಲ್ಟಾ ತೆರೆಯುತ್ತವೆ. ಅದು ಅವನದು. ನನ್ನ ಮನೆಯಲ್ಲಿ ನಿಜವಾಗಿ ಇದ್ದದ್ದು ಒಂದು ಮುದಿ ಮೊಪೆಡ್ಡು.

ಪ್ರತಿ ಸೋಮವಾರ ಅವ್ವನನ್ನು ಆ ಮೊಪೆಡ್ಡಿನ ಮೇಲೆ ಅಡ್ಡ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಡುತ್ತಿದ್ದೆ. ಮೊಣಕಾಲಿಗೆ ಯಾದಗಿರಿಯ ದವಾಖಾನೆಯಲ್ಲಿ ಚಿಕಿತ್ಸೆ ನಡೆದಿತ್ತು. ತಪ್ಪಿಸಿದರೆ ನಡೆಯುವುದೇ ಕಷ್ಟವಾದೀತೆಂದು ಡಾಕ್ಟರು ಎಚ್ಚರಿಸಿದ್ದರು. ಆಕೆಯನ್ನು ಬಿಟ್ಟವನೇ ಗೆಳೆಯನ ಗ್ಯಾರೇಜಿಗೆ ಹೋಗಿ, ಕಚೇರಿಗೆ ಹೊತ್ತಾಗುವವರೆಗೆ ಯಾವ ಕಾರು ಮೇಲೆಂದು ವಾದಿಸುತ್ತಿದ್ದೆ.

"ನಿನ್ನ ಎರಡು ಬಾಗಲದ ಗಿಡ್ಡ ಗಾಡ್ಯಾಗ ನಿಮ್ಮವ್ವ ಹತ್ತಂಗಿಲ್ಲ ಬಿಡು," ಎಂದ ಅವನು ಒಂದು ದಿನ. ನನಗೆ ಸಿಟ್ಟು ನೆತ್ತಿಗೇರಿತು.

ಟ್ರೇಲರ್ ಕಟ್ಟುವ ಮೊದಲು ನೆಲದ ಮೇಲೆ ಸುಣ್ಣದ ಗೆರೆ ಹಾಕಿ ನೋಡುವುದು ಅವನ ಪದ್ಧತಿ. ಭಾನುವಾರ ಫೋನಿನಲ್ಲಿ ಅಳತೆ ಹುಡುಕಿ, ಗ್ಯಾರೇಜಿನ ಅಂಗಳದಲ್ಲಿ ಎರಡೂ ಕಾರುಗಳನ್ನು ನಿಜವಾದ ಉದ್ದಗಲಕ್ಕೇ ಬಿಡಿಸಿದ. ಸೀಟಿನ ಎತ್ತರಕ್ಕೆ ಗೋಣಿಚೀಲ ಮಡಚಿ ಇಟ್ಟ. ಪಕ್ಕದ ಚಹಾದಂಗಡಿಯ ಮಂದಿಯೆಲ್ಲ ನೆರೆದರು. ಹಿರಿಯರೊಬ್ಬರು ನನ್ನ ಬಾನೆಟ್ಟಿನ ಮೇಲೆ ಚಪ್ಪಲಿ ಬಿಟ್ಟರೆಂದು ನಾನು ಜಗಳಕ್ಕೇ ಹೋದೆ.

ಅವ್ವನನ್ನು ಕರೆತಂದೆ. "ಬಾಗಲಾ ಎಲ್ಲೈತೋ?" ಎಂದಳು. ನನ್ನ ಕಾರಿನದನ್ನು ತೋರಿಸಿದೆ. ಸೆರಗು ಸರಿಮಾಡಿಕೊಂಡು, ಗೆರೆ ತುಳಿಯದೆ ಒಳಗೆ ಕಾಲಿಟ್ಟು, ನನ್ನ ಹೆಗಲು ಹಿಡಿದು ಗೋಣಿಚೀಲದ ಮೇಲೆ ಕೂತಳು. ಗೆದ್ದೆನೆಂದು ಕೂಗಿದೆ.

"ಕುಂತರ ಮುಗೀತೇನು? ಇಳೀಬೇಕಲ್ಲ," ಎಂದ ಗೆಳೆಯ.

ಅವ್ವ ಎರಡು ಸಲ ನೆಲಕ್ಕೆ ಕೈಯೂರಿದಳು. ಏಳಲಾಗಲಿಲ್ಲ. ಮೂರನೆಯ ಸಲ ಮುಖವೆಲ್ಲ ಬೆವರಿತು. ನಾವಿಬ್ಬರೂ ರಟ್ಟೆ ಹಿಡಿದು ಎತ್ತಿದೆವು. ನನಗೆ ಹೆದರಿಕೆಯಾಯಿತು.

"ವಾರಾ ವಾರಾ ಯಾದಗಿರಿಗಿ ಹೋಗಿ ಏನು ಬಂತವ್ವಾ?" ಎಂದೆ.

"ಎಲ್ಲಿ ಹೋಗೀನೋ? ಬಸ್ಸಿನ ಮೆಟ್ಟಲಾ ಹತ್ತಾಕ ಆಗವಲ್ದು, ಎರಡು ತಿಂಗಳಾತು. ನೀ ಬಿಟ್ಟು ಹೋದ ಮ್ಯಾಲ ಅಲ್ಲೇ ಒಂದೀಟು ಕುಂತು, ಮನಿಗಿ ನಡಕೋತ ಬರ್ತೀನಿ."

"ನನಗ್ಯಾಕ ಹೇಳಲಿಲ್ಲ?"

"ನಿಮ್ಮ ಗಾಡಿ ಜಗಳ ಮುಗೀಲಿ ಅಂತ ಕಾಯಾಕತ್ತಿದ್ನಪ್ಪಾ," ಎಂದಳು ಅವ್ವ.