ಮಾಮೂಲಿನಂತೆ ಶುರು ಮಾಡಿ

ನನಗೆ ಸಿಟ್ಟು ಬರುವುದು ಅಪರೂಪ ಎಂದು ನಾನೇ ಹೇಳಿಕೊಳ್ಳುತ್ತಿರುತ್ತೇನೆ; ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಅದಿರಲಿ. ‘ಇದು ಬಹಳ ಸುಲಭ’ ಎಂದು ಶುರುವಾಗುವ ಕೈಪಿಡಿ ಕಂಡರೆ ಮಾತ್ರ ಮೈ ಉರಿದುಹೋಗುತ್ತದೆ.

ದಿಬ್ಬೂರಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವ ನನ್ನ ತಂಗಿ ಸುನಂದಾ ಈ ಬೇಸಿಗೆಯ ಸೆಕೆಗೆ ಒಂದು ಬೆಳೆ ಪೂರಾ ಕಳೆದುಕೊಂಡಳು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಅಣ್ಣ ಇದ್ದೂ ಹೀಗಾಗಬಹುದೇ? ಹುಳದ ಮನೆಯಲ್ಲಿ ಶಾಖ ಏರಿದರೆ ತಾನಾಗಿ ಫ್ಯಾನು, ಕೂಲರು ಓಡಿಸುವ ಸಾಫ್ಟ್‌ವೇರ್ ಒಂದನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಓಪನ್ ಸೋರ್ಸ್, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಅರ್ಥ ಮಾಡಿಕೊಳ್ಳಬಹುದು ಎಂದು ಮಾತ್ರ ಅವರು ಎಲ್ಲೂ ಹೇಳಿರಲಿಲ್ಲ.

ಕೈಪಿಡಿಯ ಮೊದಲ ಪುಟದ ತುಂಬ ಸ್ವಾತಂತ್ರ್ಯದ ಘೋಷಣೆ. ಎರಡನೆಯದರಲ್ಲಿ ‘ಸೆನ್ಸರನ್ನು ಮಾಮೂಲಿನಂತೆ ಜೋಡಿಸಿ’. ಯಾರಿಗೆ ಮಾಮೂಲಿ, ಸ್ವಾಮಿ? ಮೂರನೆಯದು ‘ಈ ಭಾಗ ಇನ್ನೂ ಬರೆಯಬೇಕಿದೆ’. ಅವರ ಆನ್‌ಲೈನ್ ಚರ್ಚಾಕೂಟದಲ್ಲಿ ಕೇಳಿದರೆ ಒಬ್ಬ ಪುಣ್ಯಾತ್ಮ ‘ಕೈಪಿಡಿ ಓದಿ’ ಎಂದ. ಪುಕ್ಕಟೆ ಕೊಟ್ಟವರನ್ನು ಬೈಯಬಾರದು ಅನ್ನುತ್ತೀರಿ. ಊಟಕ್ಕೆ ಕರೆದು, ಎಲೆ ಹಾಕದೆ ನೆಲಕ್ಕೇ ಬಡಿಸಿದರೆ ಸುಮ್ಮನೆ ಉಣ್ಣುತ್ತೀರಾ?

ಸುನಂದಳ ಅತ್ತೆ ಓದಿದ್ದು ಏಳನೇ ಕ್ಲಾಸು. ಹುಳು ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ. ಆಕೆ ಸೊಸೆಗೆ ಕಲಿಸಿದ್ದು ಇಷ್ಟೇ: “ತಲೆ ಎತ್ಕೊಂಡು ಅಲ್ಲಾಡ್ದೆ ನಿಂತ್ರೆ ಜ್ವರ ಬಂತು ಅಂತ. ಸೊಪ್ಪು ಹಾಕ್ಬೇಡ. ಎಲ್ಲಾ ಎದ್ದ ಮೇಲೆ ಹಾಕು.” ಇದಕ್ಕಿಂತ ಒಳ್ಳೆಯ ಕೈಪಿಡಿಯನ್ನು ನಾನು ಕಂಡಿಲ್ಲ.

ಎರಡು ವಾರ ಗುದ್ದಾಡಿ ಆ ಸಾಫ್ಟ್‌ವೇರ್ ಓಡುವಂತೆ ಮಾಡಿದೆ. ಬೀಗುತ್ತಾ ಕನ್ನಡದಲ್ಲಿ ಒಂದು ಹಾಳೆಯ ಕೈಪಿಡಿ ಬರೆದು ಹುಳದ ಮನೆಯ ಗೋಡೆಗೆ ಅಂಟಿಸಿ ಬಂದೆ. ಮುಂದಿನ ಬೆಳೆಯ ಹುಳು ನಾಲ್ಕನೇ ಜ್ವರದಿಂದ ಎದ್ದ ದಿನ, ಮಟಮಟ ಮಧ್ಯಾಹ್ನ, ಸುನಂದಳ ಫೋನು.

“ಅಣ್ಣ, ಕರೆಂಟ್ ಹೋಗಿ ಬಂತು, ಫ್ಯಾನ್ ತಿರುಗ್ತಿಲ್ಲ. ಕಿಟಕಿಗೆ ಒದ್ದೆ ಗೋಣಿ ಕಟ್ಟಿದೀನಿ. ಆದ್ರೂ ಹುಳ ಸೊಪ್ಪು ಮುಟ್ತಿಲ್ಲ.”

“ಗೋಡೆ ಮೇಲೆ ಬರೆದಿದೀನಲ್ಲಮ್ಮ, ನೋಡು.”

“ನೋಡ್ದೆ. ‘ಕರೆಂಟ್ ಬಂದ ಮೇಲೆ ಮಾಮೂಲಿನಂತೆ ಶುರು ಮಾಡಿ’ ಅಂತ ಐತೆ. ಯಾರಿಗಣ್ಣ ಮಾಮೂಲಿ?”

ಅರ್ಧ ಗಂಟೆ ಫೋನಿನಲ್ಲೇ ಒಂದೊಂದಾಗಿ ಹೇಳಿ ಮಾಡಿಸಿದೆ. ಫ್ಯಾನು ತಿರುಗಿತು, ಸಂಜೆ ಹೊತ್ತಿಗೆ ಹುಳು ಸೊಪ್ಪಿಗೆ ಬಾಯಿ ಹಾಕಿದವು. ಆಮೇಲೆ ನನಗೆ ಊಟ ಸೇರಿತು.

ಭಾನುವಾರ ಬಸ್ಸು ಹತ್ತಿ ಹೋದೆ. ಹೊಸ ಹಾಳೆ ತೆಗೆದು ‘ಮೊದಲು ಸ್ವಿಚ್ ಹಾಕಿ’ ಎಂದು ಬರೆಯುವಷ್ಟರಲ್ಲಿ ಸುನಂದಳ ಅತ್ತೆ ನನ್ನ ಕೈಯಿಂದ ಪೆನ್ನು ಇಸಿದುಕೊಂಡು, ಕನ್ನಡಕ ಏರಿಸಿ ಕೂತರು.

“ನಾನು ಬರ್ಕೊಳ್ತೀನಿ, ನೀನು ಹೇಳಪ್ಪ. ಮೊದ್ಲು ಸ್ವಿಚ್ ಎಲ್ಲೈತೆ ಹೇಳು.”