ಮಾವನಿಗೆ ಕಾಣದ ಚುಕ್ಕಿ

ಮನುಷ್ಯನ ನೋಟದ ಮೇಲೆ ಪಿಎಚ್‌ಡಿ ಮಾಡುತ್ತಿರುವವನು ನಮ್ಮೂರು ಹಂಗಳದ ಸುತ್ತಮುತ್ತ ನಾನೊಬ್ಬನೇ. ಊರಿಗೆ ತೋರಿಸಿಯೇ ಬಿಡೋಣ ಅಂತ ನೋಟ ಅಳೆಯುವ ಯಂತ್ರವನ್ನು ಅಲ್ಲಿಗೇ ಹೊತ್ತುಕೊಂಡು ಹೋದೆ. ಪರದೆಯ ನಡುವನ್ನೇ ನೋಡುತ್ತಿರಬೇಕು, ಅಂಚಿನಲ್ಲಿ ಎಲ್ಲಾದರೂ ಚುಕ್ಕಿ ಮಿನುಗಿದರೆ ಗುಂಡಿ ಒತ್ತಬೇಕು. ಪರೀಕ್ಷೆ ಅಷ್ಟೇ.

ಮೊದಲು ಕೂತವನು ನನ್ನ ಸೋದರಮಾವ, ಗುಂಡ್ಲುಪೇಟೆ ಮಾರ್ಕೆಟ್ಟಿಗೆ ತರಕಾರಿ ಟೆಂಪೊ ಓಡಿಸುವವನು. ಹಿಂದೆ ಅರ್ಧ ಬೀದಿಯೇ ನಿಂತಿತ್ತು. ನಮ್ಮವನು ಸೋಲಬಾರದಲ್ಲ!

"ಬಲಗಡೆ ಬಂತು, ಒತ್ತಣ್ಣೋ!"

"ಮೇಲ್ಗಡೆ ಕಣಣ್ಣ, ಒತ್ತು, ಒತ್ತು!"

ಮಾವ ಒಂದೂ ಬಿಡಲಿಲ್ಲ. "ಏನ್ಲಾ ಅಳಿಯ, ನಿನ್ ಮಿಷಿನ್ನ ಸೋಲಿಸ್ಬುಟ್ಟೆ" ಅಂತ ಮೀಸೆ ತಿರುವಿದ.

ನಾನು ಬಿಡುತ್ತೇನಾ? ಎಲ್ಲರನ್ನೂ ಹೊರಗಟ್ಟಿ, ಬಾಗಿಲು ಹಾಕಿ, ಅವನನ್ನು ಮತ್ತೆ ಕೂರಿಸಿದೆ. ಅಂಚಿನ ಚುಕ್ಕಿಗಳು ಒಂದಾದ ಮೇಲೊಂದು ಮಿನುಗಿದವು. ಮಾವನ ಬೆರಳು ಅಲ್ಲಾಡಲಿಲ್ಲ.

"ಇನ್ನೂ ಶುರು ಮಾಡ್ನಿಲ್ವೇನ್ಲಾ?" ಅಂದ.

ಅಂಚಿನಲ್ಲಿ ಹೋದ ನೋಟ ವಾಪಸು ಬರುವುದಿಲ್ಲ, ಇನ್ನು ಗಾಡಿ ಮುಟ್ಟಬೇಡಿ ಎಂದರು ಮೈಸೂರಿನ ಕಣ್ಣಿನ ಡಾಕ್ಟರು. ಟೆಂಪೊ ಮಾರಬೇಕಾಯಿತು. ಅವತ್ತಿನಿಂದ ಅತ್ತೆ ನನ್ನನ್ನು ಒಳಗೆ ಕರೆಯುವುದಿಲ್ಲ.

"ನಾವೆಲ್ಲ ಜೊತೇಲಿದ್ದಾಗ ಅವ್ರಿಗೆ ಎಲ್ಲಾ ಕಾಣ್ತಿತ್ತು ಕಣಪ್ಪ. ನೀನು ಬಾಗ್ಲಾಕ್ಕೊಂಡು ಏನ್ ಮಾಡ್ಬುಟ್ಟೆ?"

ಊರಿನ ಮಾತೂ ಅದೇ. ನನ್ನ ಸಂಶೋಧನೆಗೆ ಇನ್ನೂ ಜನ ಬೇಕು, ಒಬ್ಬರೂ ಬರುತ್ತಿಲ್ಲ. ಹಾಗಂತ ನಮ್ಮೂರಿನವರ ನೋಟಕ್ಕೇನೂ ಕೊರತೆಯಿಲ್ಲ ಬಿಡಿ. ನಾನು ಬಸ್ಸಿಳಿದರೆ ಸಾಕು, ಬೀದಿಯ ಆ ತುದಿಯಿಂದಲೇ ಗುರುತು ಹಿಡಿದು ಬಾಗಿಲು ಹಾಕಿಕೊಳ್ಳುತ್ತಾರೆ.