ಪೆನ್ಸಿಲ್‌ನಲ್ಲಿ ಬರೆದ ಊರು

ಡಾಕ್ಟರ್ ಆಂಟಿಯ ನರೆತ ತುರುಬಿನಲ್ಲಿ ಸದಾ ಒಂದು ಮೊಂಡು ಪೆನ್ಸಿಲ್ ಸಿಕ್ಕಿಸಿರುತ್ತಿತ್ತು. ಹಳದಿ ಬಣ್ಣದ್ದು ಎಂದು ನಾನು, ಹಸಿರು ಎಂದು ನನ್ನ ಹೆಂಡತಿ. ಹಾಗಾಗಿ ಮುಂದೆ ಹೇಳುವುದರಲ್ಲಿ ನಡೆದದ್ದೆಷ್ಟು, ನಾನು ಕೂಡಿಸಿಕೊಂಡದ್ದೆಷ್ಟು ಎಂಬ ಅನುಮಾನ ನನಗೇ ಇದೆ.

ಡೆಟ್ರಾಯಿಟ್‌ನಿಂದ ಉತ್ತರಕ್ಕೆ ಐವತ್ತು ಮೈಲಿ, ಒಂದೇ ಟ್ರಾಫಿಕ್ ಲೈಟಿನ ಹಳ್ಳಿ ನಮ್ಮದು. ಮೈಸೂರಿನ ಈ ಆಂಟಿ ಅಲ್ಲಿ ಮೂವತ್ತು ವರ್ಷ ಡಾಕ್ಟರಾಗಿದ್ದು, ಅರ್ಧ ಊರಿನ ಹೆರಿಗೆ ಮಾಡಿಸಿ, ನಿವೃತ್ತರಾದ ಮೇಲೆ ವಿಲೇಜ್ ಹಾಲ್‌ನ ಹಿಂದಿನ ಕೋಣೆಯಲ್ಲಿ ಊರಿನ ಚರಿತ್ರೆ ಕೂಡಿಡಲು ಕುಳಿತಿದ್ದರು. ಒಂದು ಸಂಗತಿಗೆ ಒಂದು ಕಾರ್ಡು. ಒಬ್ಬರೇ ಹೇಳಿದ್ದಾದರೆ ಪೆನ್ಸಿಲ್. ಹೊರಗಿನ ಎರಡನೆಯ ಸಾಕ್ಷಿ ಸಿಕ್ಕ ಮೇಲಷ್ಟೇ ಇಂಕು. “ಪೇಷೆಂಟ್ ಹೇಳಿದ್ದು ಪೆನ್ಸಿಲ್ಲು, ಲ್ಯಾಬ್ ರಿಪೋರ್ಟ್ ಬಂದ್ಮೇಲೆ ಇಂಕು” ಎನ್ನುತ್ತಿದ್ದರು.

ರಿಸೆಷನ್ನಿನಲ್ಲಿ ವಾರೆನ್‌ನ ಕಾರು ಕಾರ್ಖಾನೆಯಲ್ಲಿದ್ದ ನನ್ನ ಎಂಜಿನಿಯರ್ ಕೆಲಸ ಹೋದಾಗ ಆಂಟಿ ಸಮಾಧಾನ ಹೇಳಲಿಲ್ಲ.

“ಎಷ್ಟು ಕಡೆ ಅಪ್ಲೈ ಮಾಡಿದೀಯ?”

“ಅರವತ್ತು, ಆಂಟಿ.”

“ಸರಿ, ಅರವತ್ತು ಜನ ಯೋಚನೆ ಮಾಡ್ತಿರಲಿ. ನೀನು ಬಂದು ಈ ಕಾರ್ಡಿನ ಡಬ್ಬಗಳನ್ನ ಇಳಿಸು.”

ದಿನಾ ಹೋಗತೊಡಗಿದೆ.

ಆ ಚಳಿಗಾಲದಲ್ಲಿ ಖರ್ಚು ತಗ್ಗಿಸಲು ಕೋಣೆಗೆ ಬೀಗ ಹಾಕುವ ಮಾತು ಎದ್ದಿತು. ನಿರ್ಧಾರ ಊರಿನ ಕೌನ್ಸಿಲ್‌ನದು. ಅದರ ಅಧ್ಯಕ್ಷ ಒಬ್ಬ ಡೈರಿ ರೈತ. ಸಭೆಗೆ ಒಂದು ವಾರವಿರುವಾಗ ಅವನು ಬಂದ. ಹಿಂದೆ ಶಾಲೆ ಸುಟ್ಟುಹೋದಾಗ ಚಳಿಗಾಲವೆಲ್ಲ ಊರಿನ ಮಕ್ಕಳು ಕಲಿತದ್ದು ತನ್ನ ಮುತ್ತಜ್ಜನ ಕೊಟ್ಟಿಗೆಯಲ್ಲಿ. ಅಲ್ಲಿ ಫಲಕ ಹಾಕಿಸಬೇಕು, ಕಾರ್ಡನ್ನು ಇಂಕಿನಲ್ಲಿ ಬರೆದುಕೊಡಿ ಎಂದ. ಅವನ ಮನೆಯವರನ್ನು ಬಿಟ್ಟರೆ ಆ ಕಥೆ ಹೇಳುವವರು ಯಾರೂ ಇರಲಿಲ್ಲ. ಆಂಟಿ ತುರುಬಿನ ಪೆನ್ಸಿಲ್ ತೆಗೆದು ಕಾರ್ಡು ಬರೆದರು.

“ಡಾಕ್, ನನ್ನ ಮೂರೂ ಮಕ್ಕಳ ಹೆರಿಗೆ ಮಾಡಿಸಿದೋರು ನೀವು. ನನ್ನ ಮಾತು ನಂಬಲ್ವಾ?”

“ಆ ಹೆರಿಗೇಲಿ ನಾನಿದ್ದೆ. ನಿಮ್ಮ ಮುತ್ತಜ್ಜನ ಕೊಟ್ಟಿಗೇಲಿ ಇರಲಿಲ್ಲ.”

ಅವನು ನಕ್ಕ. ನಗು ಪೂರ್ತಿಯಾಗಲಿಲ್ಲ. ಅವನು ಹೋದ ಮೇಲೆ, ಎಲ್ಲವನ್ನೂ ಅನುಮಾನಿಸುವ ನಾನೇ ರೇಗಿದೆ: “ಬರೆದುಬಿಡಿ ಆಂಟಿ. ಯಾರು ಚೆಕ್ ಮಾಡ್ತಾರೆ? ರೂಮಾದ್ರೂ ಉಳಿಯತ್ತೆ.”

“ಅವನು ಹೇಳಿದ್ದು ಸುಳ್ಳು ಅಂತ ನಾನೆಲ್ಲಿ ಅಂದೆ? ನಂಗೆ ಗೊತ್ತಿಲ್ಲ ಅಷ್ಟೆ. ಗೊತ್ತಿಲ್ದೇ ಇರೋದನ್ನ ಇಂಕಲ್ಲಿ ಬರೆದ್ರೆ ಮಿಕ್ಕ ಕಾರ್ಡುಗಳನ್ನ ಯಾರು ನಂಬ್ತಾರಪ್ಪಾ?”

ಒಂದೇ ಮತದಿಂದ ಕೋಣೆ ಹೋಯಿತು. ಅದು ಅಧ್ಯಕ್ಷನ ಮತ. ಡಬ್ಬಗಳನ್ನು ನಮ್ಮ ವ್ಯಾನಿನಲ್ಲಿ ಆಂಟಿಯ ಬೇಸ್‌ಮೆಂಟಿಗೆ ಸಾಗಿಸಿದೆವು. ದಾರಿಯಲ್ಲಿ ಅವರು ಅತ್ತರೆಂದು ನನ್ನ ನೆನಪು; ಜೊತೆಗಿದ್ದ ಹೆಂಡತಿ, ಅವರಿಗೆ ನೆಗಡಿಯಾಗಿತ್ತು ಎನ್ನುತ್ತಾಳೆ. ಇಳಿದ ಮೇಲೆ ಅವರು ಆಡಿದ್ದು ಇಷ್ಟೇ: “ಇಲ್ಲಿ ಹೀಟಿಂಗೂ ಇದೆ, ಕಾಫಿನೂ ಇದೆ. ನಾಳೆ ಬೇಗ ಬಾ.”

ಹೊಸ ಕೆಲಸ ಸಿಕ್ಕ ಮೇಲೂ ಶನಿವಾರ ಅಲ್ಲಿಗೆ ಹೋಗುವುದನ್ನು ತಪ್ಪಿಸಲಿಲ್ಲ. ಆಂಟಿ ತೀರಿಕೊಂಡ ಬೆಳಿಗ್ಗೆ ಅವರ ಮನೆ ಮುಂದಿನ ಹಿಮವನ್ನೆಲ್ಲ ಒಬ್ಬನೇ ಎತ್ತಿ ಹಾಕಿದವನು ಆ ಅಧ್ಯಕ್ಷ. ಕಾರ್ಡುಗಳು ನನ್ನ ಪಾಲಿಗೆ ಬಂದವು.

ಕಳೆದ ವರ್ಷ ಪಕ್ಕದ ಊರಿನ ಚರ್ಚಿನ ಹಳೆಯ ಕಾಗದಗಳಲ್ಲಿ, ಆ ಕಾಲದ ನಮ್ಮೂರ ಶಾಲಾ ಶಿಕ್ಷಕಿ ತನ್ನ ತಂಗಿಗೆ ಬರೆದ ಪತ್ರವೊಂದು ಸಿಕ್ಕಿತು. ಅದರಲ್ಲಿ ರೈತನ ಮುತ್ತಜ್ಜನ ಹೆಸರಿತ್ತು. ಹಸುಗಳ ಕೂಗಿನಲ್ಲಿ ಮಕ್ಕಳು ಹೇಳುವ ಮಗ್ಗಿ ಕೇಳಿಸುವುದೇ ಇಲ್ಲವೆಂಬ ದೂರೂ ಇತ್ತು. ಶಾಲೆಯ ಮರುವರ್ಷದ ಹಾಜರಿ ಪುಸ್ತಕ ತೆಗೆದು ಅವಳ ಕೈಬರಹವನ್ನು ಎರಡು ಸಲ ತಾಳೆ ನೋಡಿದೆ. ಅಧ್ಯಕ್ಷನನ್ನು ಕರೆಸಿ, ಅವನ ಎದುರಿಗೇ ಆಂಟಿಯ ಮಸುಕು ಅಕ್ಷರಗಳ ಮೇಲೆ ಇಂಕಿನಲ್ಲಿ ತಿದ್ದಿದೆ.

ತುರುಬಿನ ಪೆನ್ಸಿಲ್ ಯಾವ ಬಣ್ಣದ್ದೋ, ಇಂದಿಗೂ ಹೇಳಲಾರೆ. ಆದರೆ ಆ ಚಳಿಗಾಲ ಶಾಲೆ ನಡೆದದ್ದು ಅವನ ಮುತ್ತಜ್ಜನ ಕೊಟ್ಟಿಗೆಯಲ್ಲೇ.